ಬಂಗಾರದ ಬಟ್ಟಲು ಮರೆತವರು ಯಾರು?

‘ಕೆರೆಗೆ ಹಾರ’ ಕಥನಗೀತೆಯನ್ನು ಶಾಲೆಯಲ್ಲಿ ಓದಿದವರಿಗೂ ಯಾರದಾದರೂ ಬಾಯಲ್ಲಿ ಕೇಳಿದವರಿಗೂ ಅದರ ಕೊನೆ ಚೆನ್ನಾಗಿ ನೆನಪಿರುತ್ತದೆ. ಪಾದಕ್ಕೆ ಬಂದ ನೀರು ಮೊಣಕಾಲಿಗೆ, ನಡುವಿಗೆ, ಎದೆಗೆ ಏರುವ ಭಾಗ ಅದು. ಅಲ್ಲಿ ಗಂಟಲು ಕಟ್ಟದವರು ಕಡಿಮೆ. ಆದರೆ ಆ ಕೊನೆ ಎಷ್ಟು ಬಲವಾಗಿದೆಯೆಂದರೆ ಹಾಡಿನ ಮೊದಲನ್ನು ಅದು ನುಂಗಿಬಿಟ್ಟಿದೆ. ಭಾಗೀರಥಿ ಸಾಯುವುದು ಕೆರೆಯಲ್ಲಿ, ನಿಜ. ಅವಳು ಸಾಯಬೇಕೆಂದು ತೀರ್ಮಾನವಾಗುವುದು ಮಾತ್ರ ಮನೆಯಲ್ಲಿ, ಹಾಡಿನ ಆರಂಭದ ಕೆಲವೇ ಸಾಲುಗಳಲ್ಲಿ. ನಾವು ಆ ಸಾಲುಗಳನ್ನು ಪೀಠಿಕೆ ಎಂದುಕೊಂಡು ದಾಟಿ ಹೋಗುತ್ತೇವೆ. ನನಗೆ ಅವೇ ಹಾಡಿನ ತಿರುಳು ಅನ್ನಿಸುತ್ತದೆ.

ಕತೆ ಹೀಗಿದೆ. ಪಾಠಾಂತರಗಳು ಹಲವಿದ್ದರೂ ಹೆಚ್ಚು ಪ್ರಚಾರದಲ್ಲಿರುವ ಪಾಠವನ್ನೇ ಇಲ್ಲಿ ಹಿಡಿದಿದ್ದೇನೆ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ. ಕೆರೆಯಲ್ಲಿ ಹನಿ ನೀರು ನಿಲ್ಲುವುದಿಲ್ಲ. ಹೊತ್ತಿಗೆ ತೆಗೆಸಿ ಕೇಳುತ್ತಾನೆ. ಸೊಸೆಯನ್ನು ಹಾರ ಕೊಡಬೇಕೆಂದು ಬರುತ್ತದೆ. ಹಿರಿಸೊಸೆಯನ್ನು ಕೊಟ್ಟರೆ ಮನೆಯ ಹಿರಿತನ ನೋಡಿಕೊಳ್ಳುವವರಿಲ್ಲ. ಹಾಗಾಗಿ ಕಿರಿಸೊಸೆ ಭಾಗೀರಥಿ. ಅವಳ ಗಂಡ ಮಾದೇವರಾಯ ದಂಡಿನಲ್ಲಿದ್ದಾನೆ.

ಈ ಪ್ರಸಂಗವನ್ನು ತ್ಯಾಗವೆಂದು ಓದಿದವರಿದ್ದಾರೆ. ಬಲಿಯ ಮೂಢನಂಬಿಕೆ ಎಂದು ಓದಿದವರಿದ್ದಾರೆ. ಅತ್ತೆಮಾವಂದಿರ ಕ್ರೌರ್ಯ ಎಂದು ಓದಿದವರೂ ಇದ್ದಾರೆ. ತ್ಯಾಗದ ಓದಂತೂ ನನಗೆ ಒಪ್ಪಿಗೆಯಿಲ್ಲ. ಯಾರೂ ಕೇಳದೆ ಕಿತ್ತುಕೊಂಡದ್ದಕ್ಕೆ ತ್ಯಾಗ ಎನ್ನುವುದಿಲ್ಲ. ಉಳಿದೆರಡು ಓದುಗಳಲ್ಲಿ ಹುರುಳಿದೆ, ಆದರೆ ಅವೆರಡೂ ಕೆರೆಯನ್ನು ಮರೆಯುತ್ತವೆ. ಹಾಡು ಶುರುವಾಗುವುದು ಸೊಸೆಯಿಂದಲ್ಲ, ಒಂದು ನೀರಾವರಿ ಕೆಲಸದಿಂದ. ಊರಿಗೆ ನೀರು ಬೇಕು, ಕಟ್ಟಿಸಿದವನಿದ್ದಾನೆ, ಕೆಲಸ ಕೆಟ್ಟಿದೆ. ಪರಿಣತನನ್ನು ಕರೆಸುತ್ತಾರೆ, ಅವನು ಪರಿಹಾರ ಹೇಳುತ್ತಾನೆ, ಅದರ ವೆಚ್ಚ ಯಾರ ಮೇಲೆ ಬೀಳಬೇಕೆಂದು ಲೆಕ್ಕ ಹಾಕುತ್ತಾರೆ. ಇದು ನೀರಿನ ಆಡಳಿತದ ಸಭೆ. ವೆಚ್ಚ ಹೊರಬೇಕಾದವಳೊಬ್ಬಳನ್ನು ಬಿಟ್ಟು ಬೇಕಾದವರೆಲ್ಲ ಅಲ್ಲಿದ್ದಾರೆ.

ಹಿರಿಸೊಸೆಯನ್ನು ಬಿಡುವ ಕಾರಣವನ್ನು ಇನ್ನೊಮ್ಮೆ ನೋಡಿ. ಅವಳ ಮೇಲಿನ ಕರುಣೆಯಿಂದ ಬಿಡುವುದಿಲ್ಲ. ಅವಳಿಗೊಂದು ಹುದ್ದೆ ಇದೆ, ಹಿರಿತನ. ಮನೆಯ ಆಡಳಿತದಲ್ಲಿ ಅವಳಿಗೆ ಜಾಗವಿರುವುದರಿಂದ ಅವಳ ಜೀವ ಉಳಿಯುತ್ತದೆ. ಕಿರಿಯವಳಿಗೆ ಕೆಲಸವಿದೆ, ಹುದ್ದೆಯಿಲ್ಲ. ಒಂದೇ ಮನೆಯ ಇಬ್ಬರು ಸೊಸೆಯಂದಿರಲ್ಲಿ ಒಬ್ಬಳು ಬದುಕುವುದಕ್ಕೂ ಇನ್ನೊಬ್ಬಳು ಸಾಯುವುದಕ್ಕೂ ಇರುವ ವ್ಯತ್ಯಾಸ ಇಷ್ಟೇ. ನೀರಿನ ನಿರ್ವಹಣೆಯಲ್ಲಿ ಹೆಂಗಸಿಗೆ ಸಮಪಾಲು ಬೇಕು ಎನ್ನುವಾಗ ನಾವು ಹೇಳಬೇಕಾದದ್ದನ್ನು ಅನಾಮಿಕ ಹಾಡುಗಾರ್ತಿಯರು ಎಂದೋ ಇಷ್ಟು ಕಡಿಮೆ ಮಾತಿನಲ್ಲಿ ಹೇಳಿ ಮುಗಿಸಿದ್ದಾರೆ.

ಹಾಡನ್ನು ಹೀಗೆ ಓದಲು ಹೊಸಪೇಟೆ ಸೀಮೆಯಷ್ಟು ಅನುಕೂಲದ ಜಾಗ ಇನ್ನೊಂದಿರಲಾರದು. ಚಿತ್ತವಾಡ್ಗಿ ಈಗ ಹೊಸಪೇಟೆಗೆ ಅಂಟಿಕೊಂಡೇ ಇದೆ. ಸುತ್ತಲಿನ ಗದ್ದೆ, ಕಬ್ಬು, ಬಾಳೆತೋಟಗಳದ್ದು ವಿಜಯನಗರ ಕಾಲದ ಕಾಲುವೆಗಳ ಬದುಕು. ರಾಯ ಕಾಲುವೆ, ಬಸವಣ್ಣ ಕಾಲುವೆ, ಹಂಪಿಯ ಕಡೆಗೆ ತುರ್ತು ಕಾಲುವೆ. ಐನೂರು ವರ್ಷ ದಾಟಿದ ಮೇಲೂ ಹರಿಯುತ್ತಿರುವ ಕಾಲುವೆಗಳು ನಾಡಿನಲ್ಲಿ ಎಷ್ಟಿವೆ? 1945ರಲ್ಲಿ ಅಡಿಗಲ್ಲು ಬಿದ್ದು 1953ರಲ್ಲಿ ನೀರು ಹರಿಸಿದ ತುಂಗಭದ್ರಾ ಅಣೆಕಟ್ಟು ಹಳೆಯ ಒಡ್ಡುಗಳಲ್ಲಿ ಕೆಲವನ್ನು ಮುಳುಗಿಸಿತು. ಆದರೆ ಅವುಗಳ ಕಾಲುವೆಗಳಿಗೆ ತಾನೇ ನೀರು ಕೊಡತೊಡಗಿತು. ಹೆಸರುಗಳನ್ನು ಗಮನಿಸಿ. ಹೊಳೆ ಹೆಣ್ಣು: ತುಂಗೆ, ಭದ್ರೆ, ಪಂಪೆ. ಹೊಳೆಯನ್ನು ಹಿಡಿದು ತಿರುಗಿಸಿದ ಕಾಲುವೆ ಮಾತ್ರ ರಾಯನದು, ಬಸವಣ್ಣನದು. ಇದನ್ನು ಕಾಕತಾಳೀಯ ಅನ್ನಬಹುದು. ನಾನು ಅದರ ಮೇಲೆ ಸಿದ್ಧಾಂತ ಕಟ್ಟಲು ಹೋಗುವುದಿಲ್ಲ. ಆದರೂ ಕಣ್ಣಿಗೆ ಬಿದ್ದದ್ದನ್ನು ಹೇಳದೆ ಇರುವುದು ಹೇಗೆ?

ಕೆರೆಯ ಬಲಿಯ ಬಗ್ಗೆ ಈ ಊರಿಗೆ ಅದರದೇ ದಾಖಲೆಯೊಂದಿದೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸು, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಅರಸನು ಕಟ್ಟಿಸುತ್ತಿದ್ದ ದೊಡ್ಡ ಕೆರೆಯೊಂದನ್ನು ಕಣ್ಣಾರೆ ಕಂಡು ಬರೆದ. ಹೊಸಪೇಟೆಯ ದಕ್ಷಿಣಕ್ಕೆ, ಸಂಡೂರಿನ ದಾರಿಯಲ್ಲಿ, ಎರಡು ಗುಡ್ಡಗಳ ನಡುವಿನ ಏರಿಯೇ ಅದೆಂದು ಇತಿಹಾಸಕಾರರು ಗುರುತಿಸುತ್ತಾರೆ. ಹದಿನೈದೋ ಇಪ್ಪತ್ತೋ ಸಾವಿರ ಜನ ಇರುವೆಗಳ ಹಾಗೆ ಮುತ್ತಿಕೊಂಡು ಕೆಲಸ ಮಾಡುತ್ತಿದ್ದರೆಂದು ಅವನು ಹೇಳುತ್ತಾನೆ. ಏರಿ ಎರಡು ಮೂರು ಸಲ ಒಡೆಯಿತು. ಅರಸ ಬ್ರಾಹ್ಮಣರನ್ನು ಕೇಳಿದ. ದೇವರು ಮನುಷ್ಯರ, ಕುದುರೆಗಳ, ಕೋಣಗಳ ರಕ್ತ ಕೇಳುತ್ತಿದ್ದಾನೆಂದು ಅವರು ಹೇಳಿದರು. ದೇವಾಲಯದ ಬಾಗಿಲಲ್ಲಿ ಅರವತ್ತು ಜನ ಗಂಡಸರ ತಲೆ ಕಡಿಸಲಾಯಿತಂತೆ.

ಪಯಸನ ವರದಿಯನ್ನೂ ‘ಕೆರೆಗೆ ಹಾರ’ವನ್ನೂ ಅಕ್ಕಪಕ್ಕ ಇಟ್ಟರೆ ಹಂದರ ಒಂದೇ. ಕೆಟ್ಟ ಕಾಮಗಾರಿ, ಕರೆಸಿದ ಪರಿಣತ, ಬಲಿ. ಆದರೆ ವರದಿಯಲ್ಲಿ ಸತ್ತವರು ಅರವತ್ತು ಗಂಡಸರು, ಹಾಡಿನಲ್ಲಿ ಸತ್ತವಳು ಒಬ್ಬಳು ಸೊಸೆ. ಜನರ ನೆನಪು ಅರವತ್ತನ್ನು ಬಿಟ್ಟು ಒಂದನ್ನು ಏಕೆ ಹಿಡಿದುಕೊಂಡಿತು? ಆ ಅರವತ್ತು ಜನರ ಹೆಸರೇ ಇಲ್ಲ. ಅರಸನ ಅಪ್ಪಣೆಯಾಯಿತು, ತಲೆ ಬಿತ್ತು, ಪರದೇಶದವನೊಬ್ಬ ಬರೆದಿಟ್ಟ. ಭಾಗೀರಥಿಯ ಕತೆ ಬೇರೆ. ಅವಳು ಬಲಿ ಕೊಟ್ಟವರಿಗೆ ಅಡಿಗೆ ಮಾಡಿ ಹಾಕಿದವಳು. ಸಾಯುವ ದಿನವೂ ಮೀಯಲು ನೀರು ಕಾಯಿಸಿದವಳು. ದೊರೆಯ ಕ್ರೌರ್ಯವನ್ನು ಚರಿತ್ರೆ ಬರೆದುಕೊಳ್ಳುತ್ತದೆ. ಮನೆಯವರದನ್ನು ಬರೆಯುವ ಜಾಗ ಎಲ್ಲಿತ್ತು? ಹಾಡು ಇದ್ದದ್ದು ಅದಕ್ಕೇ.

ಅದರಲ್ಲೂ ಹಾಡು ಆ ಕೊಲೆಗೆ ಕೊಟ್ಟ ರೂಪ ನೋಡಿ. ಗಂಗೆಯ ಪೂಜೆಗೆಂದು ಮನೆಯವರೆಲ್ಲ ಕೆರೆಗೆ ಹೋಗುತ್ತಾರೆ, ಪೂಜೆ ಮುಗಿಸಿ ಮರಳುತ್ತಾರೆ. ಹಿಂದಿರುಗುವಾಗ ಬಂಗಾರದ ಬಟ್ಟಲು ಅಲ್ಲೇ ಉಳಿಯಿತೆಂದು ಯಾರಿಗೋ ನೆನಪಾಗುತ್ತದೆ. ತರಲು ಹೋಗಬೇಕಾದವಳು ಭಾಗೀರಥಿ. ಕತ್ತಿ ಇಲ್ಲ, ಹಗ್ಗ ಇಲ್ಲ, ಯಾರೂ ಅವಳನ್ನು ನೂಕುವುದಿಲ್ಲ. ನೀರಿನ ದಂಡೆಯಿಂದ ಪಾತ್ರೆಯೊಂದನ್ನು ತರಬೇಕೆಂಬ, ಯಾವ ಮನೆಯಲ್ಲಾದರೂ ಯಾವ ಸೊಸೆಗಾದರೂ ದಿನಕ್ಕೆ ಹತ್ತು ಸಲ ಹೇಳುವ ಕೆಲಸವೊಂದನ್ನು ಹೇಳುತ್ತಾರೆ, ಅಷ್ಟೆ. ಕೊಲೆಯನ್ನು ಮನೆಗೆಲಸದ ವೇಷದಲ್ಲಿ ತೋರಿಸಿದ್ದು ಈ ಹಾಡಿನ ದೊಡ್ಡ ಪ್ರತಿಭೆ. ಕೊಟ್ಟವರ ಕೈಗೆ ಒಂದಿಷ್ಟೂ ಒದ್ದೆಯಾಗುವುದಿಲ್ಲ. ಬಟ್ಟಲು ಮರೆತವರು ಯಾರು ಎಂದು ಕೇಳಿದರೆ ಉತ್ತರವಿಲ್ಲ. ಮರೆತಿರಲಿಲ್ಲ ಎಂಬುದು ಕೇಳುವವರಿಗೆಲ್ಲ ಗೊತ್ತು.

ಈ ಬಟ್ಟಲನ್ನು ಈಚಿನ ಕೆಲವು ಕಾಗದಗಳಲ್ಲಿಯೂ ನಾನು ಕಂಡಿದ್ದೇನೆ. 1992ರಲ್ಲಿ ಡಬ್ಲಿನ್ ನಗರದಲ್ಲಿ ಸೇರಿದ ನೀರಿನ ಅಂತಾರಾಷ್ಟ್ರೀಯ ಸಮ್ಮೇಳನ ನಾಲ್ಕು ತತ್ವಗಳನ್ನು ಸಾರಿತು. ನೀರನ್ನು ಒದಗಿಸುವುದರಲ್ಲಿ, ನಿರ್ವಹಿಸುವುದರಲ್ಲಿ, ಕಾಪಾಡುವುದರಲ್ಲಿ ಹೆಂಗಸರ ಪಾತ್ರ ಕೇಂದ್ರವಾದದ್ದು ಎಂಬುದು ಅವುಗಳಲ್ಲಿ ಒಂದು. ಒಳ್ಳೆಯ ಮಾತೇ. ಆಮೇಲೆ ಬಂದ ಯೋಜನೆಗಳ ಭಾಷೆಯಲ್ಲಿ ಅದು ನಿಧಾನವಾಗಿ ಜಾರಿತು. ಹೆಂಗಸರು ಸಹಜವಾಗಿಯೇ ನೀರಿನ ಕಾಳಜಿ ಇರುವವರು, ಅವರನ್ನು ‘ತೊಡಗಿಸಿಕೊಂಡರೆ’ ಯೋಜನೆ ಯಶಸ್ವಿಯಾಗುತ್ತದೆ ಎನ್ನುವ ಧಾಟಿ ಬಂತು. ಸಹಜ ಎಂಬ ಪದ ಬಂದಲ್ಲೆಲ್ಲ ಎಚ್ಚರವಿರಬೇಕು. ಜಗತ್ತಿನಲ್ಲಿ ಮನೆಯ ಅಂಗಳದೊಳಗೆ ನೀರಿಲ್ಲದ ಜನ 180 ಕೋಟಿ, ಅಂಥ ಹತ್ತು ಮನೆಗಳಲ್ಲಿ ಏಳರಲ್ಲಿ ನೀರು ತರುವ ಹೊಣೆ ಹೆಂಗಸರು ಮತ್ತು ಹುಡುಗಿಯರದು ಎಂದು ವಿಶ್ವಸಂಸ್ಥೆಯ ಆರೋಗ್ಯ ಮತ್ತು ಮಕ್ಕಳ ಸಂಸ್ಥೆಗಳು 2023ರಲ್ಲಿ ಹೇಳಿದವು. ಅದು ಅವರ ಸಹಜ ಗುಣವೇನಲ್ಲ. ಬಟ್ಟಲು ತಾ ಎಂದು ಯಾರೋ ಹೇಳಿದ್ದಾರೆ.

ಹಾಡಿನ ಸಭೆಯನ್ನು ಈಗ ಕಾಲುವೆಯ ಸಭೆಗೆ ಹೋಲಿಸಬಹುದು. ಕರ್ನಾಟಕದಲ್ಲಿ 2000ದಲ್ಲಿ ನೀರಾವರಿ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಕಾಲುವೆಯ ನೀರನ್ನು ಹಂಚಿಕೊಳ್ಳುವ, ಕರ ವಸೂಲಿ ಮಾಡುವ, ಹೂಳು ತೆಗೆಸುವ ಕೆಲಸಗಳನ್ನು ರೈತರದೇ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ವಹಿಸುವ ವ್ಯವಸ್ಥೆ ಬಲವಾಯಿತು. ಸರ್ಕಾರದ ಕೈಯಿಂದ ಊರಿನ ಕೈಗೆ ಅಧಿಕಾರ ಬರುವುದು ದೊಡ್ಡ ಬದಲಾವಣೆ, ಅದನ್ನು ಕಡೆಗಣಿಸುವಂತಿಲ್ಲ. ಆದರೆ ಸಂಘದ ಬಾಗಿಲ ಚಿಲಕ ಪಹಣಿ. ಅಚ್ಚುಕಟ್ಟಿನಲ್ಲಿ ಜಮೀನಿದ್ದವರಿಗೆ ಸದಸ್ಯತ್ವ, ಸದಸ್ಯರಿಗೆ ಮತ, ಮತವಿದ್ದವರಿಗೆ ಪಾಳಿಯ ಬಗ್ಗೆ ಮಾತು. 2015–16ರ ಕೃಷಿ ಗಣತಿಯಲ್ಲಿ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಹೆಂಗಸರ ಕೈಯಲ್ಲಿದ್ದದ್ದು ನೂರಕ್ಕೆ 14ರಷ್ಟು ಮಾತ್ರ. ಗದ್ದೆಯಲ್ಲಿ ನಾಟಿ ಹಚ್ಚುವವರು, ಕಳೆ ತೆಗೆಯುವವರು ಹೆಂಗಸರೇ. ನೀರು ಒಂದು ವಾರ ತಡವಾದರೆ ಮೊದಲು ತಪ್ಪುವುದು ಅವರ ಕೂಲಿ. ಎರಡನೆಯ ಬೆಳೆಗೆ ನೀರಿಲ್ಲ ಎಂದು ಸಭೆ ತೀರ್ಮಾನಿಸಿದ ವರ್ಷಗಳಲ್ಲಿ ಆ ಕೂಲಿ ಇಡೀ ಹಂಗಾಮಿಗೆ ತಪ್ಪುತ್ತದೆ. ಆದರೂ ಕಾನೂನಿನ ಕಣ್ಣಿಗೆ ಅವರು ನೀರಿನ ಬಳಕೆದಾರರಲ್ಲ.

ಇಲ್ಲಿ ಕಾನೂನಿನ ಒಂದು ವಾಕ್ಯವನ್ನು ಸಾಹಿತ್ಯದ ವಿದ್ಯಾರ್ಥಿಗಳು ಪದ್ಯ ಓದುವ ಹಾಗೆ ಓದಬೇಕೆಂದು ನನ್ನ ಆಸೆ. ಸಹಕಾರ ಸಂಘಗಳಿಗೆ ಸಂಬಂಧಿಸಿದ 97ನೇ ಸಂವಿಧಾನ ತಿದ್ದುಪಡಿ 2011ರದು. ಆಡಳಿತ ಮಂಡಳಿಯಲ್ಲಿ ಹೆಂಗಸರಿಗೆ ಎರಡು ಸ್ಥಾನ ಮೀಸಲಿಡಬೇಕೆಂದು ಅದು ಹೇಳಿತು. ಜೊತೆಗೊಂದು ಷರತ್ತಿತ್ತು: ಆ ವರ್ಗದ ಸದಸ್ಯರು ಸಂಘದಲ್ಲಿ ಇದ್ದರೆ. ರಾಜ್ಯಗಳ ಸಹಕಾರ ಸಂಘಗಳ ಮಟ್ಟಿಗೆ ತಿದ್ದುಪಡಿಯ ಆ ಭಾಗವನ್ನು ಸುಪ್ರೀಂ ಕೋರ್ಟು 2021ರಲ್ಲಿ ರದ್ದು ಮಾಡಿತು, ಅದು ಬೇರೆ ಕಾರಣಕ್ಕೆ. ನನ್ನ ಗಮನ ಇರುವುದು ಆ ‘ಇದ್ದರೆ’ ಎಂಬ ಪದದ ಮೇಲೆ. ಒಳಗೆ ಬಂದವಳಿಗೆ ಕುರ್ಚಿ ಹಾಕುತ್ತೇವೆ, ಒಳಗೆ ಬರುವ ದಾರಿಯ ಬಗ್ಗೆ ಮಾತಾಡುವುದಿಲ್ಲ ಎಂಬ ನಯ ಅದರಲ್ಲಿದೆ. ಹಿರಿಸೊಸೆಗೆ ಹಿರಿತನ ಇರುವುದರಿಂದ ಅವಳನ್ನು ಬಿಡೋಣ ಎನ್ನುವ ತರ್ಕವೂ ಇದೇ ಜಾತಿಯದು.

ಹಾಗಾದರೆ ಹೆಣ್ಣಿಗೆ ಜಮೀನು ಕೊಟ್ಟರೆ ಮುಗಿಯಿತೇ? ಹಾಡು ಈ ಪ್ರಶ್ನೆಯನ್ನೂ ಮುಟ್ಟುತ್ತದೆ. ಸುದ್ದಿ ತಿಳಿದ ಭಾಗೀರಥಿ ತವರಿಗೆ ಓಡುತ್ತಾಳೆ. ಏಕೆ ಬಂದೆ, ಕಣ್ಣಲ್ಲೇಕೆ ನೀರು ಎಂದು ಅಪ್ಪ ಕೇಳಿದಾಗ ನಿಜ ಹೇಳುವುದಿಲ್ಲ, ಅತ್ತೆಮಾವ ಬೇರೆ ಇಡುತ್ತಾರಂತೆ ಎನ್ನುತ್ತಾಳೆ. ಇಟ್ಟರೆ ಇಡಲಿ, ಹೊಲಮನೆ ನಾನು ಕೊಡುತ್ತೇನೆ ಎಂದು ಅಪ್ಪ ಸಮಾಧಾನ ಹೇಳುತ್ತಾನೆ. ಅವಳಿಗೆ ಸಿಟ್ಟು ಬರುತ್ತದೆ. ಆ ಹೊಲಮನೆಗೆ ಬೆಂಕಿ ಹಚ್ಚು ಎಂಬಂಥ ಮಾತಾಡಿ ಹೊರಟುಬಿಡುತ್ತಾಳೆ. ಓದುಗರು ಇದನ್ನು ದುಃಖದ ಆವೇಶ ಎಂದುಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಮದುವೆಯಾಗುವವರೆಗೆ ಬಾರದಿದ್ದ ಹೊಲ ಈಗ ಕಣ್ಣೀರು ಒರೆಸಲು ಬರುತ್ತಿದೆ. ಅಪ್ಪ ಕೊಡುವುದು ಹಕ್ಕಲ್ಲ, ಪರಿಹಾರಧನ. ಮಗಳಿಗೆ ಬೇಕಾದದ್ದು ತನ್ನ ಬಗ್ಗೆ ಆದ ತೀರ್ಮಾನವನ್ನು ಮುರಿಯುವ ಒಂದು ಮಾತು. ಅದನ್ನು ಅವನು ಆಡಲಾರ, ಅವಳು ಕೇಳಲಾರಳು.

ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ತಂದಿತು, ದೇಶದ ಕಾಯ್ದೆ ಬದಲಾದದ್ದು 2005ರಲ್ಲಿ. ನಮ್ಮ ಕಾನೂನಿನಲ್ಲಿ ಒಂದು ಗೆರೆ ಇತ್ತು: ಅದು ಜಾರಿಗೆ ಬರುವ ಮೊದಲೇ ಮದುವೆಯಾದವರಿಗೆ ಆ ಪಾಲು ಇಲ್ಲ. ಅಂದರೆ ಭಾಗೀರಥಿಯರಿಗಿಲ್ಲ. ಪಾಲು ಬಂದವರಲ್ಲೂ ಎಷ್ಟೋ ಜನ ತವರಿನ ಬಾಗಿಲು ಮುಚ್ಚಬಾರದೆಂದು ಅಣ್ಣತಮ್ಮಂದಿರಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಡುತ್ತಾರೆ. ಉಪನೋಂದಣಿ ಕಚೇರಿಯ ಜಗಲಿಯಲ್ಲಿ ಒಂದು ತಾಸು ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಹಣಿಯಿಂದ ಹೆಸರು ಹೋದೊಡನೆ ಕಾಲುವೆಯ ಸಂಘದಿಂದಲೂ ಹೋಗುತ್ತದೆ. ನೀರಿನ ಸಮಾನತೆ ಮಣ್ಣಿನ ಸಮಾನತೆಯ ಬಾಲ ಹಿಡಿದುಕೊಂಡೇ ಬರಬೇಕಾದ ಸ್ಥಿತಿ ಇದು. ಸದಸ್ಯತ್ವವನ್ನು ಪಹಣಿಯಿಂದ ಬಿಡಿಸಿ ಆ ನೀರಿನಲ್ಲಿ ದುಡಿಯುವವರಿಗೆ ಕೊಡುವ ದಾರಿ ಇದೆಯಲ್ಲ, ಅದರ ಮಾತನ್ನು ಯಾರೂ ಗಟ್ಟಿಯಾಗಿ ಎತ್ತುತ್ತಿಲ್ಲ.

ಹೆಂಗಸರು ರಾತ್ರಿ ಪಾಳಿಗೆ ಗದ್ದೆಗೆ ಹೋಗಿ ನೀರು ಕಟ್ಟಲಾರರು, ಕಾಲುವೆಯ ಜಗಳಗಳಲ್ಲಿ ನಿಲ್ಲಲಾರರು ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ನಡುರಾತ್ರಿ ಎರಡು ಗಂಟೆಗೆ ನಲ್ಲಿಯಲ್ಲಿ ನೀರು ಬಂದ ಸದ್ದಿಗೆ ಏಳುವವರು ಯಾರು, ಕೊಡಗಳ ಸಾಲಿನಲ್ಲಿ ಜಗಳ ತೀರಿಸುವವರು ಯಾರು ಎಂದು ಕೇಳಿದರೆ ಸಾಕು. ಇನ್ನು ಲೆಕ್ಕ ಅವರಿಗೆ ತಲೆಗೆ ಹತ್ತುವುದಿಲ್ಲ ಎನ್ನುವವರಿಗೆ ಇದೇ ಸೀಮೆಯ ದರೋಜಿ ಈರಮ್ಮನ ಹೆಸರು ಹೇಳಬಹುದು. ಅಕ್ಷರ ಕಲಿಯದ ಈ ಬುರ್ರಕಥೆಯ ಕಲಾವಿದೆ ರಾತ್ರಿಗಟ್ಟಲೆ ಹಾಡುವ ಮಹಾಕಾವ್ಯಗಳನ್ನು ಬಾಯಲ್ಲಿ ಇಟ್ಟುಕೊಂಡಿದ್ದವರು, ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ. ಅಷ್ಟು ನೆನಪು ಹೊತ್ತ ಸಮುದಾಯದ ಹೆಂಗಸರಿಗೆ ಪಾಳಿಯ ಪಟ್ಟಿ ನೆನಪಿರುವುದಿಲ್ಲವೇ?

ನಮ್ಮ ಕೆರೆಗಳ ಕತೆಗಳಲ್ಲಿ ಗಂಡಸೂ ಸಾಯುತ್ತಾನೆ ಎಂದು ಯಾರಾದರೂ ಹೇಳಬಹುದು. ನಿಜ. ಬಯಲುಸೀಮೆಯ ಕೆಲವು ಕೆರೆಗಳ ಕತೆಯಲ್ಲಿ ನೀರಗಂಟಿಯೊಬ್ಬ ಬರುತ್ತಾನೆ. ಏರಿ ಒಡೆದು ಹೋಗುತ್ತೇನೆಂದ ಗಂಗಮ್ಮನಿಗೆ, ಅರಸನಿಗೆ ಸುದ್ದಿ ಹೇಳಿ ಬರುವವರೆಗೆ ನಿಲ್ಲು ತಾಯಿ ಎಂದು ಮಾತು ತೆಗೆದುಕೊಂಡು ಹೋಗುತ್ತಾನೆ. ಅವನು ಮರಳದಿದ್ದರೆ ಅವಳು ಹೋಗುವಂತಿಲ್ಲವಲ್ಲ ಎಂದು ಅರಸ ಅವನನ್ನು ಕೊಲ್ಲಿಸುತ್ತಾನೆ. ಅಲ್ಲಿಯೂ ಅನ್ಯಾಯವೇ ಆಗಿದೆ. ಆದರೆ ನೀರಗಂಟಿಗೆ ಕೆರೆಯಲ್ಲೊಂದು ಕೆಲಸವಿದೆ, ಗಂಗಮ್ಮನೊಡನೆ ಮಾತಾಡುವ ಅಧಿಕಾರವಿದೆ, ಅವನು ಸಾಯುವುದು ತನ್ನ ಕಾಯಕದ ನಡುವೆ. ಮಾತು ಕೊಟ್ಟು ಉಳಿಸಿಕೊಂಡ ಗಂಗಮ್ಮನೋ, ಕೊಟ್ಟ ಮಾತಿಗೇ ಕಟ್ಟುಬಿದ್ದು ಏರಿಯ ಹಿಂದೆ ನಿಂತಿದ್ದಾಳೆ. ದೇವಿಯಾದರೂ ಹೆಣ್ಣು ಕೆರೆಯಲ್ಲಿ ಸಿಕ್ಕಿಬಿದ್ದವಳೇ.

ಈ ಕತೆಗಳ ನಡುವೆ ನನಗೆ ತೀರ ಬೇರೆಯಾಗಿ ಕಾಣುವುದು ಸೂಳೆಕೆರೆಯದು. ಚನ್ನಗಿರಿಯ ಬಳಿಯ ಆ ದೊಡ್ಡ ಕೆರೆಯನ್ನು ಕಟ್ಟಿಸಿದವಳು ಶಾಂತವ್ವ ಎಂಬ ಅರಸುಮಗಳೆಂದು ಐತಿಹ್ಯ. ಕೆರೆಗೆ ಬೇಕಾದ ಜಾಗದಲ್ಲಿ ಸೂಳೆಯರ ಕೇರಿ ಇತ್ತು. ಅವರು ಜಾಗ ಬಿಟ್ಟುಕೊಡಲು ಒಪ್ಪಿ ಒಂದು ಷರತ್ತು ಹಾಕಿದರಂತೆ: ಕೆರೆಗೆ ನಮ್ಮ ಹೆಸರಿರಬೇಕು. ನಮ್ಮ ಕೆರೆಕತೆಗಳಲ್ಲಿ ಹೆಂಗಸರು ಎದುರು ಕೂತು ಕರಾರು ಮಾಡಿಕೊಂಡ ಪ್ರಸಂಗ ನನಗೆ ಗೊತ್ತಿರುವಂತೆ ಇದೊಂದೇ. ಅವರಿಗೆ ಅದು ಹೇಗೆ ಸಾಧ್ಯವಾಯಿತು? ಅವರ ಕೈಯಲ್ಲಿ ಜಾಗವಿತ್ತು. ಕುಲೀನ ಮನೆಯ ಸೊಸೆಗೆ ಇಲ್ಲದ ನೆಲ ಕೇರಿಯ ಸೂಳೆಯರಿಗಿತ್ತು. ಹೊಸಪೇಟೆ, ಸಂಡೂರು, ಕೂಡ್ಲಿಗಿಗಳ ಬಸವಿಯರ ಚರಿತ್ರೆಯಲ್ಲಿಯೂ ಈ ಇಕ್ಕಟ್ಟು ಉಂಟು: ಮಗನಂತೆ ಆಸ್ತಿಗೆ ಹಕ್ಕುಳ್ಳವಳಾಗಲು ಹೆಣ್ಣು ಮದುವೆಯನ್ನೂ ಮಾನವನ್ನೂ ತೆರಬೇಕಾಗಿತ್ತು. ಆ ಬೆಲೆಯನ್ನು ಮರೆತು ಹಕ್ಕನ್ನು ಮಾತ್ರ ಕೊಂಡಾಡುವಂತಿಲ್ಲ. 1982ರ ದೇವದಾಸಿ ನಿಷೇಧ ಕಾಯ್ದೆ ಬಂದದ್ದು ಆ ಬೆಲೆ ಕಂಡೇ.

ಈಗ ಆ ಕೆರೆಯ ಹೆಸರು ಶಾಂತಿಸಾಗರ. ಸಭ್ಯವಾದ ಹೆಸರು, ಫಲಕಕ್ಕೆ ಚೆನ್ನ. ಹೆಸರು ಬದಲಿಸಿದವರಿಗೆ ಕೆಟ್ಟ ಉದ್ದೇಶ ಇದ್ದಿರಲಾರದು. ಆದರೆ ಐತಿಹ್ಯವನ್ನು ನಂಬುವುದಾದರೆ ಒಂದು ಕರಾರು ಮುರಿಯಿತು. ನೆಲ ಕೊಟ್ಟವರು ಕೇಳಿದ್ದು ಹಣವನ್ನಲ್ಲ, ಹೆಸರನ್ನು. ಕಟ್ಟಿಸಿದ ಅರಸುಮಗಳು ಹೆಸರಿನಲ್ಲಿ ಉಳಿದಳು, ಜಾಗ ಬಿಟ್ಟ ಹೆಂಗಸರು ಆಡುಮಾತಿನಲ್ಲಿ ಮಾತ್ರ ಉಳಿದರು. ಹೆಂಗಸರು ಎಂದು ನಾವು ಒಟ್ಟಾಗಿ ಹೇಳುವಾಗಲೂ ಯಾವ ಹೆಂಗಸರು ಎಂದು ಕೇಳಬೇಕಾಗುತ್ತದೆ. ಭಾಗೀರಥಿ ಗೌಡರ ಸೊಸೆ. ಅವಳ ಊರಿನ ಕೆರೆ ತುಂಬಿದ ಮೇಲೆ ಅದರ ದಂಡೆಗೆ ಬಂದು ಕೊಡ ಮುಳುಗಿಸಲು ಹೊಲಗೇರಿಯ ಹೆಂಗಸರಿಗೆ ಬಿಟ್ಟಿದ್ದರೇ? ಹಾಡು ಹೇಳುವುದಿಲ್ಲ. 1927ರಲ್ಲಿ ಮಹಾಡದ ಚೌದಾರ್ ಕೆರೆಯ ನೀರನ್ನು ಅಂಬೇಡ್ಕರ್ ಮುಟ್ಟಬೇಕಾಗಿ ಬಂದ ದೇಶದಲ್ಲಿ ಅದರ ಉತ್ತರ ಊಹಿಸಲು ಕಷ್ಟವಿಲ್ಲ. ಹಾಡಿನ ಮಿತಿ ಅದು.

ಬದಲಾವಣೆಯೇ ಆಗಿಲ್ಲ ಎಂದರೆ ಸುಳ್ಳಾಗುತ್ತದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಹೆಂಗಸರದು. 2019ರಲ್ಲಿ ಶುರುವಾದ ಜಲ ಜೀವನ ಮಿಷನ್, ನಮ್ಮಲ್ಲಿ ‘ಮನೆ ಮನೆಗೆ ಗಂಗೆ’, ಹಳ್ಳಿಯ ನೀರು ಸಮಿತಿಯಲ್ಲಿ ಅರ್ಧ ಜನ ಹೆಂಗಸರಿರಬೇಕು ಎನ್ನುತ್ತದೆ. ನೀರಿನ ಗುಣ ಪರೀಕ್ಷಿಸಲು ಪ್ರತಿ ಹಳ್ಳಿಯಲ್ಲಿ ಐವರು ಹೆಂಗಸರಿಗೆ ತರಬೇತಿ ಕೊಡಬೇಕು ಎನ್ನುತ್ತದೆ. ಕುಡಿಯುವ ನೀರಿನ ಬಗ್ಗೆ ಹೀಗೆ ಬಾಗಿಲು ತೆರೆದ ನಾವು ಬೆಳೆಯ ನೀರಿನ ಬಗ್ಗೆ ಮಾತ್ರ ಚಿಲಕ ಹಾಕಿಕೊಂಡಿದ್ದೇವೆ. ಕಾರಣ ಸರಳ. ಕುಡಿಯುವ ನೀರಿನಲ್ಲಿ ದುಡಿಮೆ ಹೆಚ್ಚು, ಕಾಲುವೆಯ ನೀರಿನಲ್ಲಿ ದುಡ್ಡು ಹೆಚ್ಚು. ಕುಡಿಯುವ ನೀರಿನಲ್ಲಿಯೂ ಪರೀಕ್ಷೆಯ ಕಿಟ್ ಯಾರ ಕೈಯಲ್ಲಿದೆ, ವಾಲ್ವ್ ತಿರುಗಿಸುವ ಕೀಲಿ ಯಾರ ಕೈಯಲ್ಲಿದೆ ಎಂದು ನೋಡಿದರೆ ಹಿರಿಸೊಸೆ–ಕಿರಿಸೊಸೆಯ ಲೆಕ್ಕ ಮತ್ತೆ ನೆನಪಾಗುತ್ತದೆ.

ಹಾಡಿನ ಹೆಸರುಗಳ ಬಗ್ಗೆ ಒಂದು ಮಾತು ಉಳಿದಿದೆ. ಆಕಾಶದ ಗಂಗೆಯನ್ನು ನೆಲಕ್ಕೆ ತಂದ ಅರಸ ಭಗೀರಥ. ಅವನ ಹೆಸರಿನಿಂದ ನಮ್ಮ ಭಾಷೆಗೆ ಭಗೀರಥ ಪ್ರಯತ್ನ ಬಂತು. ಕೆರೆ ತುಂಬಿಸಿದ ಶಾಸಕರಿಗೆ, ಮಂತ್ರಿಗಳಿಗೆ ಆಧುನಿಕ ಭಗೀರಥ ಎಂಬ ಬ್ಯಾನರು ಕಟ್ಟುತ್ತೇವೆ. ಅದೇ ಹೆಸರಿನ ಹೆಣ್ಣುರೂಪ ಭಾಗೀರಥಿ. ಗಂಡು ಹೆಸರಿಗೆ ನೀರು ತಂದ ಕೀರ್ತಿ, ಹೆಣ್ಣು ಹೆಸರಿಗೆ ನೀರಾಗುವ ಪಾಡು. ಕಟ್ಟಿದವರು ಇದನ್ನು ಯೋಚಿಸಿಯೇ ಹೆಸರಿಟ್ಟರೋ ಇಲ್ಲವೋ, 2024ರಲ್ಲಿ ತುಂಗಭದ್ರಾ ಅಣೆಕಟ್ಟಿನಲ್ಲಿ ನಡೆದದ್ದನ್ನು ಕಂಡವರಿಗೆ ಆ ಜೋಡಿ ಹೊಳೆಯದೆ ಇರದು. ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋಯಿತು. ಒಂದು ವಾರ ಸೀಮೆಗೆ ಸೀಮೆಯೇ ಉಸಿರು ಹಿಡಿದು ಕೂತಿತ್ತು. ತಾತ್ಕಾಲಿಕ ಗೇಟು ಕೂತಿತು, ಮಳೆ ಮತ್ತೆ ಕೈಹಿಡಿಯಿತು, ಸೆಪ್ಟೆಂಬರಿನಲ್ಲಿ ಜಲಾಶಯ ಮತ್ತೆ ತುಂಬಿದಾಗ ಮುಖ್ಯಮಂತ್ರಿಗಳು ಬಂದು ಬಾಗಿನ ಅರ್ಪಿಸಿದರು. ಬಾಗಿನ ಎಂದರೆ ಮೊರದಲ್ಲಿ ಅರಿಸಿನ, ಕುಂಕುಮ, ಬಳೆ, ಕುಪ್ಪಸದ ಕಣ ಇಟ್ಟು ಒಬ್ಬ ಮುತ್ತೈದೆ ಇನ್ನೊಬ್ಬಳಿಗೆ ಕೊಡುವುದು. ಹೆಂಗಸರ ನಡುವಿನ ಕೊಡುಕೊಳ್ಳುವಿಕೆ. ವಿಧವೆಯರನ್ನು ಹೊರಗಿಟ್ಟ ಆಚರಣೆ ಅದು, ಅದನ್ನು ಹೊಗಳುವ ಉದ್ದೇಶ ನನಗಿಲ್ಲ. ಹೊಳೆಯೊಂದಿಗೆ ಹೆಂಗಸರಿಗಿದ್ದ ಆ ಒಂದು ಮಾತಿನ ದಾರಿಯನ್ನೂ ನಾವು ಸರ್ಕಾರಿ ಕಾರ್ಯಕ್ರಮ ಮಾಡಿಕೊಂಡೆವು ಎಂಬುದಷ್ಟೇ ನನ್ನ ತಕರಾರು. ಮೊರ ಈಗ ಮಂತ್ರಿಗಳ ಕೈಯಲ್ಲಿದೆ. ಯಾವ ಕಾಲುವೆಗೆ ಎಷ್ಟು ದಿನ ನೀರು ಎಂದು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿಯ ಸಭೆಯ ಪಟ ಪತ್ರಿಕೆಯಲ್ಲಿ ಬಂದಾಗ ಹೆಂಗಸರನ್ನು ಹುಡುಕಿ ಎಣಿಸಿ ನೋಡಿ, ಹೆಚ್ಚು ಹೊತ್ತು ಹಿಡಿಯುವುದಿಲ್ಲ.

ಜಾನಪದ ಹಾಡಿನ ಮೇಲೆ ಸಮಿತಿ, ಪಹಣಿ, ಪಾಳಿಗಳ ಭಾರ ಹೊರಿಸಿದರೆ ಕಾವ್ಯ ಸಾಯುತ್ತದೆ ಎಂಬ ಆಕ್ಷೇಪಣೆ ಇದ್ದೇ ಇರುತ್ತದೆ. ಭಾರ ನಾನು ಹೊರಿಸಿದ್ದಲ್ಲ. ಕೆರೆ, ಕಟ್ಟಿಸಿದವನು, ಹೊತ್ತಿಗೆ, ಹಿರಿತನ, ಹೊಲಮನೆ, ಬಟ್ಟಲು, ಇವೆಲ್ಲ ಹಾಡಿನಲ್ಲೇ ಇರುವ ವಸ್ತುಗಳು. ಅವುಗಳನ್ನು ಬಿಟ್ಟು ಕಣ್ಣೀರನ್ನಷ್ಟೇ ಎತ್ತಿಕೊಂಡರೆ ಕಾವ್ಯ ಸೊರಗುತ್ತದೆ.

ಸತ್ಯವನ್ನು ಭಾಗೀರಥಿ ಹೇಳಿಕೊಳ್ಳುವುದು ಒಬ್ಬಳಿಗೆ ಮಾತ್ರ, ಗೆಳತಿಗೆ. ಅಪ್ಪನಿಗಿರುವ ಹೊಲವಾಗಲಿ ಗೌಡನಿಗಿರುವ ಅಧಿಕಾರವಾಗಲಿ ಅವಳಿಗಿಲ್ಲ. ಅವಳ ಸಲಹೆಯೂ ದೊಡ್ಡದೇನಲ್ಲ, ಇಟ್ಟ ಹಾಗೆ ಇರಬೇಕು ಎಂಬಂಥದು. ಆದರೆ ಗಂಡ ದಂಡಿನಿಂದ ಓಡಿ ಬಂದಾಗ ಅವನ ಮನೆಯವರು ಸುಳ್ಳು ಹೇಳುತ್ತಾರೆ, ತವರಿನವರಿಗೆ ಏನೂ ಗೊತ್ತಿಲ್ಲ. ಕೊನೆಗೆ ನಿಜ ಸಿಗುವುದು ಗೆಳತಿಯ ಬಾಯಲ್ಲಿ. ಮಾದೇವರಾಯ ಕೆರೆಗೆ ಹೋಗಿ ಹಾರುತ್ತಾನೆ. ಗೌಡನಿಗೆ ನೀರು ಬಂತು, ಮಗ ಹೋದ.

ಗೆಳತಿ ಕೇಳಿದ್ದಳು, ಸರಿ; ಆದರೆ ಕೆರೆಯಲ್ಲಿ ಆದದ್ದನ್ನು ಅವಳೂ ಕಂಡಿರಲಿಲ್ಲ. ಹೊಸಪೇಟೆಯವರು ಮಳೆಗಾಲದಲ್ಲಿ ಬೆಳಗಾಗೆದ್ದು ಅಣೆಕಟ್ಟಿನ ಮಟ್ಟ ಎಷ್ಟಾಯಿತೆಂದು ಕೇಳುತ್ತಾರೆ. ಪೂರ್ತಿ ತುಂಬಿದರೆ 1633 ಅಡಿ. ಕಲ್ಲನಕೇರಿಯ ಕೆರೆಯಲ್ಲಿ ಅಂಥ ಅಳತೆಗಲ್ಲು ಇರಲಿಲ್ಲ. ಪಾದ, ಮೊಣಕಾಲು, ನಡು, ಎದೆ: ನೀರು ಏರಿದ್ದನ್ನು ಅಳೆದದ್ದು ಅವಳ ಮೈಯೇ. ಪೂಜೆ ಮುಗಿಸಿದವರೆಲ್ಲ ಆಗಲೇ ಮನೆಯ ದಾರಿ ಹಿಡಿದಿದ್ದರು. ಗಂಡ ದಂಡಿನಲ್ಲಿದ್ದ. ಬಟ್ಟಲಿಗಾಗಿ ಅವಳು ಒಬ್ಬಳೇ ಹಿಂತಿರುಗಿದ್ದಳು. ನೀರು ಎಲ್ಲಿಂದ ಎಲ್ಲಿಗೆ ಏರಿತೆಂದು ಒಂದೊಂದು ಹೆಜ್ಜೆಯಾಗಿ ಹೇಳಬೇಕಾದರೆ ಆ ಹೊತ್ತಿನಲ್ಲಿ ಏರಿಯ ಮೇಲೆ ಯಾರೋ ಒಬ್ಬರು ನಿಂತಿರಲೇಬೇಕು. ಹಾಡಿನೊಳಗಿನ ಪಾತ್ರಗಳನ್ನೆಲ್ಲ ಎಣಿಸಿ ನೋಡಿದರೆ ಅಲ್ಲಿ ನಿಲ್ಲಬಲ್ಲವರು ಒಬ್ಬರೂ ಸಿಗುವುದಿಲ್ಲ. ನಿಂತಿದ್ದವಳು ಹಾಡುತ್ತಿರುವವಳು.